ಕೇಳಿದ್ದಕ್ಕೆಲ್ಲ ‘ಉಂಟು’ ಎನ್ನುವ ಜಾಹೀರಾತು

ನಾವುಂದ,
೯ ಫೆಬ್ರವರಿ ೨೦೧೨

ಪ್ರೀತಿಯ ಹ್ವಾಯ್ ಅವರಿಗೆ,

ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲವಲ್ಲ, ಕರೆಯುವ ಹಾಗೆಯೇ ಬರೆದೆ, ನಗಬೇಡಿ. ಸೊಂಟನೋವು ಹೇಗಿದೆ? ದಿನವಿಡೀ ಒಲೆಯ ಮುಂದೆ ನಿಂತು ಮುಂಬಯಿಯವರ ಹೊಟ್ಟೆ ತುಂಬಿಸುವ ನೀವು ಸ್ವಂತ ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಹಾಕುವುದಿಲ್ಲ ಎಂದು ನನಗೆ ಗೊತ್ತು. ಇಲ್ಲಿ ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ನಿಮ್ಮ ಮಗಳು ಮೋಕ್ಷಿತಾಳ ಮುಂದಿನ ಹಲ್ಲು ಬಿದ್ದಿದೆ, ನಕ್ಕರೆ ಥೇಟ್ ನಿಮ್ಮ ಅಪ್ಪಯ್ಯ. ಫೋನಿನಲ್ಲಿ ಹೇಳಹೊರಟರೆ ನೀವು ‘ಆರ್ಡರ್ ಬಂತ್, ಇಡ್ತೆ’ ಎನ್ನುತ್ತೀರಿ, ಅದಕ್ಕೇ ಈ ಕಾಗದ.

ಕಡಲಿಗೆ ಮುಖ ಮಾಡಿ ಮೂರು ರೂಮು ಕಟ್ಟಿಸಿ ವರ್ಷವಾಯಿತು. ಬಾಡಿಗೆಗೆ ಜನ ಬಂದರೆ ಮುಂಬಯಿ ಬಿಟ್ಟು ಬರುತ್ತೇನೆ ಎಂದವರು ನೀವೇ. ಇದುವರೆಗೆ ಬಂದದ್ದು ಜೇಡ ಮಾತ್ರ. ಅದಕ್ಕೇ ನಿಮ್ಮ ತಮ್ಮ ಯತೀಶ ಕುಂದಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕಿದ. ಅದರ ಚಂದ ಕೇಳಿ. ಒಂದಷ್ಟು ಪದ ಬರೆದಿಟ್ಟರೆ, ಜನ ಅದರಲ್ಲಿ ಯಾವುದನ್ನು ಹುಡುಕುತ್ತಾರೋ ಅದೇ ತಾನಾಗಿ ಬಂದು ತಲೆಬರಹದಲ್ಲಿ ಕೂರುತ್ತದೆ. ‘ಕಡಲ ಬದಿ ರೂಮು’ ಹುಡುಕಿದವರಿಗೆ ‘ಕಡಲ ಬದಿ ರೂಮು, ನಾವುಂದದಲ್ಲಿ’. ‘ಮೀನೂಟ’ ಹುಡುಕಿದವರಿಗೆ ‘ಮೀನೂಟ, ನಾವುಂದದಲ್ಲಿ’. ಮೀನು ಮಾರುವ ಮುತ್ತು ನಮ್ಮ ಬಾಗಿಲಲ್ಲಿ ಬಂಗುಡೆ ಎಂದೂ ಪಕ್ಕದ ಮನೆಯಲ್ಲಿ ಸಿಗಡಿ ಎಂದೂ ಕೂಗುತ್ತಾಳಲ್ಲ, ಹಾಗೆ.

ಆದರೆ ಯತೀಶನ ಅವಸರ ಗೊತ್ತಲ್ಲ. ಇವನ್ನೂ ಸೇರಿಸಬಹುದು ಎಂದು ಕಂಪ್ಯೂಟರ್ ತೋರಿಸಿದ್ದನ್ನೆಲ್ಲ ಓದದೆ ಸೇರಿಸಿಬಿಟ್ಟಿದ್ದಾನೆ ಪುಣ್ಯಾತ್ಮ. ಅದರಲ್ಲಿ ‘ಮದುವೆ ಹಾಲ್’ ಕೂಡ ಇತ್ತು! ಬ್ರಹ್ಮಾವರ ಮೂಲದ ಉಮಾನಾಥರು, ಈಗ ಪುಣೆಯಲ್ಲಿ ಹೋಟೆಲಿನವರು, ಮಗಳ ಮದುವೆಗೆ ಎಲ್ಲೂ ಹಾಲ್ ಸಿಗದೆ ಹುಡುಕುತ್ತಿದ್ದರಂತೆ. ‘ಮದುವೆ ಹಾಲ್, ನಾವುಂದದಲ್ಲಿ’ ಎಂದು ಕಂಡದ್ದೇ ಹೆಂಡತಿಯನ್ನು ಕರೆದುಕೊಂಡು ಕಾರಿನಲ್ಲಿ ಬಂದೇಬಿಟ್ಟರು. ಹಾಲ್ ಎಲ್ಲಿ ಎಂದು ಕೇಳಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಯತೀಶ ಬಾವಿಕಟ್ಟೆಯ ಹಿಂದೆ ಮಾಯ. ಅತ್ತೆ ಮಾತ್ರ ಬೆಲ್ಲ ನೀರು ಕೊಟ್ಟು, ಅಂಗಳಕ್ಕೆ ಕೈ ತೋರಿಸಿ, “ಮದಿ ಅಂದ್ಕಂಡ್ ಬಾಗ್ಲಿಗ್ ಬಂದರಿಗೆ ಇಲ್ಲೆ ಅನ್ನುಕಾಗ. ಚಪ್ರ ಹಾಕುವ” ಎಂದರು. ಮದುವೆಗೆಂದು ಬಂದವರಿಗೆ ಇಲ್ಲ ಅನ್ನಬಾರದಂತೆ. ಉಮಾನಾಥರ ಹೆಂಡತಿ ಅಂಗಳದ ತುದಿಗೆ ಹೋಗಿ ಕಡಲು ನೋಡಿದವರು ತಿರುಗಿ ಬರಲೇ ಒಲ್ಲರು. ಅವರ ಮದುವೆಯೂ ಮನೆಯಂಗಳದ ಚಪ್ಪರದಲ್ಲೇ ಆದದ್ದಂತೆ. ಏಪ್ರಿಲ್ ಕೊನೆಗೆ ಮದುವೆ ಇಲ್ಲೇ ಎಂದು ನಿಶ್ಚಯವಾಯಿತು, ಮೂರು ರೂಮೂ ವಾರವಿಡೀ ಅವರಿಗೇ. ಖುಷಿಗೆ ಆ ದಿನ ನನಗೆ ಊಟವೇ ಸೇರಲಿಲ್ಲ. ‘ಮದುವೆ ಹಾಲ್’ ತೆಗೆಯಲೋ ಎಂದು ಯತೀಶ ಮೆಲ್ಲಗೆ ಕೇಳಿದ. ಇರಲಿ ಬಿಡು ಮಾರಾಯ ಎಂದೆ.

ಅತ್ತೆಯ ಆಶೀರ್ವಾದ, ಮಗಳ ಪ್ರೀತಿ ಇದರೊಂದಿಗಿದೆ. ರಾತ್ರಿ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ
ಸೌಜನ್ಯ

ಹೇಳದೆ ಬಿಟ್ಟದ್ದು: ಹೊರಡುವಾಗ ಉಮಾನಾಥರು ಅಡುಗೆಗೆ ಒಳ್ಳೆಯವರು ಇದ್ದಾರೋ ಎಂದು ಕೇಳಿದರು. ಜಾಹೀರಾತಿನ ಚಾಳಿ ನನಗೂ ಅಂಟಿತೋ ಏನೋ, ಇದ್ದಾರೆ ಎಂದುಬಿಟ್ಟೆ. ಮುಂಬಯಿಯ ಹೋಟೆಲಿನಲ್ಲಿ ಕೈ ಪಳಗಿದವರು, ನಮ್ಮ ಮನೆಯವರೇ, ಈಗ ಊರಿಗೇ ಬಂದು ನಿಂತಿದ್ದಾರೆ ಎಂದೆ. ಅತ್ತೆ ಒಳಗೆ ಹೋಗಿ ನಿಮ್ಮ ಹಾಸಿಗೆ ತಂದು ಬಿಸಿಲಿಗೆ ಹಾಕಿದರು. ನನ್ನ ಮಾತು ಸುಳ್ಳು ಮಾಡಬೇಡಿ. ಸೇಠನ ಹತ್ತಿರ ರಜೆ ಕೇಳಬೇಡಿ, ಲೆಕ್ಕ ಚುಕ್ತಾ ಮಾಡಿಸಿಕೊಂಡು ಬನ್ನಿ.