ನಡುಗುವ ಲೇಖನಿ ಮತ್ತು ಬೇಳೆಸಾರು

ಕರಕ್,
ಮೇ ೧೪

ಪ್ರೀತಿಯ ತಮ್ಮ ಹಾಬಿಸ್,

ಬೆನ್ನುನೋವು ಹೇಗಿದೆ? ಲಾರಿಯ ಸೀಟಿಗೆ ದಿಂಬು ಹಾಕಿಕೊಂಡೆಯಾ, ಇಲ್ಲ ಅಕ್ಕನ ಮಾತು ಅಂತ ಅಕಾಬಾದಲ್ಲೇ ಬಿಟ್ಟೆಯಾ? ನಾವು ಚೆನ್ನಾಗಿದ್ದೇವೆ. ಮಾಳಿಗೆಯ ಮೇಲೆ ಜಮೀದ್ ಮೊಸರಿನ ಉಂಡೆ ಒಣಗುತ್ತಿವೆ. ನಿನ್ನ ಮಗಳು ರುಬಾ ಆಗಲೇ ಅರ್ಧ ಕದ್ದು ತಿಂದಿದ್ದಾಳೆ. ಫೋನಿನಲ್ಲಾದರೆ ನೀನು ಬರೀ ಹೂಂ ಹೂಂ ಅನ್ನುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಕ್ಕ ಗೆದ್ದಿದ್ದಾಳೆ ಕಣೋ! ನಮ್ಮ ಶಾಲೆಗೆ ಈ ವರ್ಷ ಪ್ರಬಂಧಗಳಿಗೆ ಅಂಕ ಹಾಕುವ ಕಂಪ್ಯೂಟರ್ ಬಂತು. ‘ಮರೆಯಲಾಗದ ದಿನ’ ಎಂದು ರುಬಾ ಬರೆದದ್ದಕ್ಕೆ ಅದು ಇಪ್ಪತ್ತಕ್ಕೆ ಆರು ಕೊಟ್ಟಿತು. ಆರು ಬಂದರೆ ಸಾಹಿತ್ಯ ವಿಭಾಗದ ಆಸೆ ಬಿಟ್ಟಂತೆಯೇ. ಹುಡುಗಿ ಅಳಲಿಲ್ಲ, “ಅತ್ತೆ, ಇನ್ಮೇಲೆ ನಾನು ಬರೆಯಲ್ಲ” ಅಂದಳು. ಅವಳು ಮಾಡಿದ ತಪ್ಪೇನು ಗೊತ್ತೇ? ನಾವೆಲ್ಲ ಬಾಯಿಪಾಠ ಮಾಡಿದ ಪೀಠಿಕೆ ಇದೆಯಲ್ಲ, “ಈ ಮಹಾನ್ ವಿಷಯದ ಮುಂದೆ ನನ್ನ ಲೇಖನಿ ನಡುಗುತ್ತಿದೆ” ಅಂತ, ಅದನ್ನು ಬರೆದಿರಲಿಲ್ಲ. ನೀನು ಫುಟ್ಬಾಲಿನ ಬಗ್ಗೆ ಬರೆಯುವಾಗಲೂ ಲೇಖನಿ ನಡುಗಿಸಿದವನು!

ನಾನು ಬೇಳೆಸಾರಿನ ಮೇಲೆ ಒಂದು ಪ್ರಬಂಧ ಟೈಪ್ ಮಾಡಿ, ಪ್ರತಿ ಪ್ಯಾರಾದಲ್ಲೂ ಲೇಖನಿ ನಡುಗಿಸಿದೆ. ಹತ್ತೊಂಬತ್ತು ಬಂತು! ಟೀಚರುಗಳ ಸಭೆಯಲ್ಲಿ ಓದಿದಾಗ ಮುಖ್ಯೋಪಾಧ್ಯಾಯಿನಿ ಇನಾಮ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ, “ಯಂತ್ರನ ಆಡ್ಕೊಂಡು ನಗೋದು ಸುಲಭ ಖೌಲಾ, ನಾವೇನು ಕಮ್ಮಿನಾ ನೋಡೋಣ” ಎಂದು ರುಬಾಳ ಪ್ರಬಂಧವನ್ನೇ ಹೆಸರು ಮುಚ್ಚಿ ನಾಲ್ವರು ಟೀಚರುಗಳಿಗೆ ಕೊಟ್ಟರು. ಅತ್ತೆಯಾದ ನನ್ನನ್ನು ದೂರ ಕೂರಿಸಿದರು. ಒಬ್ಬರು ಏಳು ಕೊಟ್ಟರು, ಇನ್ನೊಬ್ಬರು ಹದಿನೆಂಟು! ಒಬ್ಬರಿಗೆ ಮುತ್ತಿನಂಥ ಅಕ್ಷರ ಬೇಕು, ಒಬ್ಬರಿಗೆ ಕೊನೆಯಲ್ಲಿ ಉಪದೇಶ ಬೇಕು. ಎಲ್ಲರ ನಗುವೂ ನಿಂತಿತು.

ಒಳ್ಳೆಯ ಬರಹ ಅಂದರೇನು ಎಂದು ಒಂದು ವಾರ ಚಹಾ ಕುಡಿಯುತ್ತಾ ಜಗಳವಾಡಿದೆವು. ಯಾವುದಕ್ಕೆ ಎಷ್ಟು ಅಂಕ ಎಂದು ಕೊನೆಗೂ ಒಪ್ಪಿಕೊಂಡೆವು. ಅಕ್ಷರದ ತಪ್ಪು ಹುಡುಕುವುದು ಕಂಪ್ಯೂಟರಿನ ಕೆಲಸ, ಮಗು ಏನು ಹೇಳುತ್ತಿದೆ ಎಂದು ಓದುವುದು ನಮ್ಮದು. ಎಲ್ಲ ಮಕ್ಕಳ ಪ್ರಬಂಧಗಳನ್ನೂ ಮತ್ತೆ ನೋಡಿದ್ದಾಯಿತು. ಈ ಸಲ ಟೀಚರುಗಳ ಅಂಕಗಳು ಹತ್ತಿರ ಹತ್ತಿರ ಬಂದವು. ರುಬಾಗೆ ಹದಿನೇಳು! ಸಾಹಿತ್ಯ ವಿಭಾಗದಲ್ಲಿ ಸೀಟೂ ಸಿಕ್ಕಿತು. ಮನೆಯವರೆಗೂ ಎದೆಯುಬ್ಬಿಸಿಕೊಂಡೇ ನಡೆದುಬಂದೆ.

ದಾರಿಯುದ್ದಕ್ಕೂ ದೇವರು ನಿನ್ನನ್ನು ಕಾಪಾಡಲಿ. ರುಬಾ ನಿನ್ನ ಕೈಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಅಕ್ಕ,
ಖೌಲಾ

ಮರೆತೇಬಿಟ್ಟೆ: ಅವಳು ಬರೆದದ್ದು ನೀನು ಲಾರಿ ಹತ್ತಿ ಹೋದ ದಿನದ ಬಗ್ಗೆ. ‘ಕೋಟೆಯ ತಿರುವಿನಲ್ಲಿ ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ’ ಎಂದು ಮುಗಿಸಿದ್ದಾಳೆ. ಈ ಕಾಗದ ಸಿಕ್ಕ ಕೂಡಲೇ ಅವಳಿಗೆ ಫೋನ್ ಮಾಡಿ ಹೇಳು ಮಾರಾಯ. ಬರೀ ಹೂಂ ಅನ್ನಬೇಡ.