ಮಿಷಿನ್ನಿನ ಉಸಿರು

ಮೂಕಂಡಪಲ್ಲಿ
೧೮ ಫೆಬ್ರವರಿ ೨೦೨೫

ವನಿತಕ್ಕನಿಗೆ ನಿನ್ನ ಶಶಿಯ ನಮಸ್ಕಾರ.

ನ್ಯುಮೋನಿಯಾಗೆಂದು ಗಂಟಲಲ್ಲಿ ಇಳಿಸಿದ್ದ ಕೊಳವೆ ತೆಗೆದು ತಿಂಗಳಾಯಿತು. ದನಿ ಇನ್ನೂ ಒಡಕು, ನಾಲ್ಕು ಮಾತಾಡಿದರೆ ಏದುಸಿರು. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನನಗೆ ಮಾತಾಡಲು ಬಿಡುವವಳೂ ಅಲ್ಲ.

ನಿನ್ನೆ ಸೂಳಗಿರಿಯಿಂದ ರಾಮಕ್ಕತ್ತೆ ಬಂದಿದ್ದರು. "ನಿಮ್ಮಕ್ಕ ಇಲ್ದಿದ್ರೆ ನೀನೆಲ್ಲಿರ್ತಿದ್ದೆ? ಮಿಷಿನ್ ತೆಗೀತೀವಿ ಅಂದ ಡಾಕ್ಟ್ರ ಕಾಲಿಗೆ ಬಿದ್ದು ಬ್ಯಾಡ ಅಂದ್ಲಂತಲ್ಲಾ" ಎಂದು ಕಣ್ಣೊರೆಸಿಕೊಂಡರು. ಊರಿಗೆಲ್ಲ ಹಾಗೇ ಹೇಳಿದ್ದೀಯಂತೆ. ನಾನು ತಲೆಯಾಡಿಸಿ ಕಾಫಿ ಕೊಟ್ಟೆ.

ಅಕ್ಕ, ನನಗೆ ಎಲ್ಲ ಕೇಳಿಸುತ್ತಿತ್ತು.

ವೆಂಟಿಲೇಟರ್ ಹಾಕಿ ಅವತ್ತಿಗೆ ಒಂಬತ್ತು ದಿನ. ಕಣ್ಣು ತೆರೆಯಲು ಆಗುತ್ತಿರಲಿಲ್ಲ, ಕಿವಿ ಚೆನ್ನಾಗಿಯೇ ಇತ್ತು. ಇನ್ನೂ ನಾಲ್ಕು ದಿನ ನೋಡೋಣ ಎಂದವರು ಡಾಕ್ಟರು. ನೀನು ಅಂದದ್ದು ಇದು: "ಮಿಷಿನ್ ಉಸ್ರಾಡ್ತೈತೆ, ಅವಳೆಲ್ಲಿ ಉಸ್ರಾಡ್ತವ್ಳೆ ಸಾರ್? ಇಲ್ಲೇ ಪ್ರಾಣ ಹೋದ್ರೆ ಮನೆಯೊಳಕ್ಕೆ ಸೇರ್ಸಂಗಿಲ್ಲ. ಕೈಯಲ್ಲಿ ಉಸ್ರಿನ ಬಲೂನ್ ಒತ್ಕೊಂಡು ನಮ್ಮೂರು ಬೇರಿಕೆ ಗಂಟ ಕರ್ಕೊಂಡೋಗ್ತೀವಿ, ಮನೇಲೇ ಕೊನೇ ಉಸ್ರು ಬುಡ್ಲಿ."

ಹಾಗೆ ಕರೆದೊಯ್ಯಲು ಗಂಡನೇ ಸಹಿ ಹಾಕಬೇಕು ಎಂದರು ಡಾಕ್ಟರು. ಮೋಹನ್ ಶಿಫ್ಟಿನಲ್ಲಿದ್ದರು. ಅವರ ಫ್ಯಾಕ್ಟರಿಯಲ್ಲಿ ಫೋನನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕು. ಸಂಜೆ ಬಂದವರು ಸಹಿ ಹಾಕುವುದಿಲ್ಲ ಎಂದರು, ನಾನು ಉಳಿದೆ. ಅಷ್ಟರೊಳಗೆ ನೀನು ಭಾವನಿಗೆ ಫೋನ್ ಮಾಡಿ, ನಡುಮನೆ ಸಾರಿಸಿಟ್ಟು ಮಂಚ ಹೊರಗೆ ಹಾಕಿಸು ಎಂದದ್ದೂ ಕೇಳಿಸಿತ್ತು.

ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ಆಮೇಲೆ ನನಗೆ ಜಡೆ ಹಾಕಿದವಳು, ಅನ್ನ ಕಲಸಿ ಕೊಟ್ಟವಳು ನೀನು. ಆಸ್ಪತ್ರೆಯಲ್ಲಿ ತೀರಿಕೊಂಡಳೆಂದು ಅಮ್ಮನನ್ನು ಮನೆಯೊಳಗೆ ತರದೆ ಹುಣಸೆಮರದ ಕೆಳಗೇ ಮಲಗಿಸಿದ್ದರಂತೆ. ನನಗೂ ಹಾಗಾದೀತೆಂದು ನೀನು ಹೆದರಿದೆ. ಅದನ್ನು ಹೇಳಿದ್ದರೆ ಇಬ್ಬರೂ ಕೂತು ಅತ್ತು ಮುಗಿಸುತ್ತಿದ್ದೆವು. ನೀನು ಮಾತ್ರ ನನ್ನನ್ನು ಉಳಿಸಿದವಳಾಗಿ ಮೆರೆಯುತ್ತಿದ್ದೀಯ. ನನಗೆ ಹೊಟ್ಟೆ ಉರಿಯುತ್ತದೆ, ಅಕ್ಕ. ಯುಗಾದಿಗೆ ನಾವು ಬೇರಿಕೆಗೆ ಬರುವುದಿಲ್ಲ. ಆ ನಡುಮನೆಯಲ್ಲಿ ಎಲೆ ಮುಂದೆ ಕೂರಲು ನನ್ನಿಂದಾಗದು.

ಇಂತಿ,
ನೀನು ಸಾಕಿದ
ಶಶಿಕಲಾ

ತಾ.ಕ.: ಇದನ್ನು ಮೋಹನ್‌ಗೂ ಹೇಳಿಲ್ಲ. ನೀನು ಹಾಗೆಂದ ಮೇಲೆ ಡಾಕ್ಟರು ನನ್ನ ಅಂಗೈಯಲ್ಲಿ ಬೆರಳಿಟ್ಟು, ಕೇಳಿಸುತ್ತಿದ್ದರೆ ಒತ್ತಮ್ಮ ಎಂದರು. ಒತ್ತುವಷ್ಟು ಶಕ್ತಿ ಇತ್ತು. ಒತ್ತಲಿಲ್ಲ. ಇನ್ನೊಂದು ಸಲ ಕೇಳಿ ನೋಡಿ ಸಾರ್ ಎಂದು ನೀನು ಹೇಳುತ್ತೀಯೇನೋ ಎಂದು ಕಾಯುತ್ತಿದ್ದೆ.