ಎರಡು ಬಟ್ಟಲಿನ ಬೆಕ್ಕು

ಮೇಲಿನ ಮನೆ
ಗುರುವಾರ, ಮಧ್ಯಾಹ್ನ

ಗುಬ್ಬಿಗೆ ಅಕ್ಕನಿಂದ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ಕೆಳಗಿನಿಂದ ಬರುವ ನಿನ್ನ ಹೊಲಿಗೆ ಮೆಷಿನ್ನಿನ ಸದ್ದೇ ಹೇಳುತ್ತಿದೆ. ಬೆಳಗಿನಿಂದ ಅದು ಒಂದು ಸಲವೂ ಸುಮ್ಮನಾಗಿಲ್ಲ. ಕೆಲಸ ಜೋರಾಗಿದೆ ಅನ್ನು. ಇರಲಿ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬರೆಯುತ್ತಿರುವುದು ಬೆಕ್ಕಿನ ವಿಚಾರ. ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು: ಬೆಕ್ಕಿಗೆ ಮಾತ್ರೆ ಕೊಡುವುದನ್ನು ನಿಲ್ಲಿಸು, ನಾನು ಕೊಡುತ್ತಿದ್ದೇನೆ. ಹಾಗೆಯೇ ಬರೆದು ಚೀಟಿ ಮಡಚಿಯೂ ಆಗಿತ್ತು. ಆದರೆ ನಾನು ಒಂದು ಸಾಲು ಬರೆದರೆ ನೀನು ಅರ್ಧ ಸಾಲಿನಲ್ಲಿ ಉತ್ತರ ಕೊಡುವವಳು. ಆ ಅರ್ಧ ಸಾಲನ್ನು ಇಟ್ಟುಕೊಂಡು ನಾನು ತಿಂಗಳುಗಟ್ಟಲೆ ಕೊರಗಬೇಕು. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ. ಗಿರಾಕಿಗಳಿದ್ದರೆ ಅವರನ್ನು ಕಳಿಸಿಕೊಟ್ಟು ಓದು.

ಬಾಬಿನ್‌ಗೆ ಕೆಲವು ದಿನಗಳಿಂದ ಹೊಟ್ಟೆ ಕೆಟ್ಟಿದ್ದು ನಿನಗೂ ಗೊತ್ತು. ಗೊತ್ತಿಲ್ಲವೆಂದು ನಾಟಕ ಆಡಬೇಡ. ಇಲ್ಲಿ ಮರಳಿನ ತಟ್ಟೆಯವರೆಗೂ ಹೋಗಲಾಗದೆ, ಹೋಟೆಲಿನವರು ಅಂಚು ಹೊಲಿಯಲು ಕೊಟ್ಟ ಪರದೆಯ ಮೇಲೆಯೇ ಮಾಡಿಬಿಟ್ಟಿತು. ತೊಳೆದು ಒಣಗಿಸಿ ಇಸ್ತ್ರಿ ಹಾಕಿ ಕೊಟ್ಟೆ, ಅವರು ಮೂಸಿ ನೋಡಲಿಲ್ಲ, ನನ್ನ ಪುಣ್ಯ. ಮರುದಿನ ಪ್ರಾಣಿಗಳ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಬೆಳಗಿನ ಹೊತ್ತು ಕೂರುವ ಮುದುಕ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕರುಳು ಊದಿದೆ ಅಂದರು. ಕಹಿ ಮಾತ್ರೆ ಬರೆದುಕೊಟ್ಟರು. ಮಾಮೂಲು ಊಟದಲ್ಲಿ ಅರ್ಧ ಮಾತ್ರ ಹಾಕಿ, ಬೇಯಿಸಿದ ಕೋಳಿ ಬಿಟ್ಟು ಬೇರೇನೂ ತೋರಿಸಬೇಡಿ ಅಂದರು. ಬೇರೆ ಯಾರಾದರೂ ಊಟ ಹಾಕುತ್ತಾರಾ ಎಂದೂ ಕೇಳಿದರು. ನಮ್ಮ ಬೆಕ್ಕು ಇನ್ನೊಬ್ಬರ ಮನೆಯಲ್ಲಿ ಬಾಯಿ ಹಾಕುವುದಿಲ್ಲ ಅಂದೆ. ಎದೆ ಸೆಟೆಸಿಕೊಂಡೇ ಅಂದೆ.

ಅದು ನಿನ್ನಲ್ಲಿ ಬಾಯಿ ಹಾಕುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಸಂಜೆ ಮೇಲೆ ಬಂದಾಗ ಅದರ ಮೈಯಿಂದ ನಿನ್ನ ಸೋಪಿನ ವಾಸನೆ ಬರುತ್ತಿತ್ತು. ಮೀಸೆಯಲ್ಲಿ ನಾನು ಎಂದೂ ಕೊಂಡು ತರದ ಬೆಕ್ಕಿನ ತಿನಿಸಿನ ಕಾಳಿನ ಪುಡಿ. ಒಮ್ಮೆ ಕುತ್ತಿಗೆಯಲ್ಲಿ ಹಸಿರು ರಿಬ್ಬನ್ನೂ ಇತ್ತು, ನೀಟಾಗಿ ಹೊಲಿದದ್ದು, ನಿನ್ನದೇ ಹೊಲಿಗೆ. ಬಿಚ್ಚಿ ಒಲೆಗೆ ಹಾಕಿದೆ. ಬೆಕ್ಕಿಗೆ ಬೇಜಾರಾಗಲಿಲ್ಲ, ಅದಕ್ಕೆ ನಾಚಿಕೆಯೇ ಇಲ್ಲ.

ಈ ದಿನ ಬೆಳಗ್ಗೆ ಕತ್ತರಿಸುವ ಮೇಜಿನಿಂದ ಹಾರಲು ಹೋಗಿ ಬಿದ್ದುಬಿಟ್ಟಿತು. ಬಾಬಿನ್ ಬೀಳುವ ಬೆಕ್ಕಲ್ಲ. ಎದ್ದು ನಿಂತರೆ ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ. ಗಿರಾಕಿಗೆ ಅಳತೆ ತೆಗೆಯುತ್ತಿದ್ದವಳು ಟೇಪನ್ನು ಅವರ ಕುತ್ತಿಗೆಯಲ್ಲೇ ಬಿಟ್ಟು, ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ.

ಆಸ್ಪತ್ರೆಯ ಕಾಂಪೌಂಡರ್ ಗೊತ್ತಲ್ಲ, ಬೋಳು ತಲೆಯವನು, ಬೆಳಗ್ಗೆಯೂ ಸಂಜೆಯೂ ಅವನೇ ಇರುವುದು, ನಾನು ಮೊದಲು ಹೋದ ದಿನ ಮಾತ್ರ ರಜೆಯಲ್ಲಿದ್ದ. ಬುಟ್ಟಿಯಿಂದ ಬೆಕ್ಕನ್ನು ಎತ್ತಿ ತಕ್ಕಡಿಗೆ ಇಡುತ್ತಾ, "ಏನ್ ಸಾಹೇಬ್ರೇ, ಮತ್ತೆ ಬಂದ್ರಾ?" ಅಂದ. ಬೆಕ್ಕು ಕಿವಿ ತಿರುಗಿಸಿತು, ಗುಬ್ಬಿ. ಬಾಬಿನ್, ಬಾಬಿನ್ ಎಂದು ನಾನು ಗಂಟಲು ಹರಿದುಕೊಂಡರೂ ಅಲ್ಲಾಡದ ಕಿವಿ ಅದು. ಸಾಹೇಬ ಅಂದ ತಕ್ಷಣ, ಮೈಯಲ್ಲಿ ಶಕ್ತಿಯಿಲ್ಲದ ಹೊತ್ತಿನಲ್ಲೂ, ತಿರುಗಿತು. ಯಾರು ಸಾಹೇಬ ಎಂದು ಕೇಳಿದೆ. ಇದೇ ಬೆಕ್ಕು, ಸಂಜೆ ಲೇಡಿ ಡಾಕ್ಟರ ಹತ್ತಿರ ಒಬ್ಬರು ಆ ಹೆಸರಲ್ಲಿ ತರುತ್ತಾರಲ್ಲ, ಸಣ್ಣಗಿರುವವರು, ಕೆನ್ನೆಯಲ್ಲಿ ಗುಳಿ, ಅಂದ. ನಿನ್ನ ಗುಳಿಯನ್ನು ಜನ ಬೆಕ್ಕಿನ ಆಸ್ಪತ್ರೆಯಲ್ಲೂ ನೆನಪಿಟ್ಟುಕೊಳ್ಳುತ್ತಾರೆ.

ಮುದುಕ ಡಾಕ್ಟರಿಗೆ ವಿಷಯ ಗೊತ್ತಾದ ಮೇಲೆ ನನಗೆ ಆದ ಮಂಗಳಾರತಿಯನ್ನು ಬರೆಯುವುದಿಲ್ಲ. ಬೆಳಗ್ಗೆ ಅವರು ಬರೆದ ಮಾತ್ರೆಯನ್ನೇ ಸಂಜೆ ಆ ಲೇಡಿ ಡಾಕ್ಟರೂ ಬರೆದಿದ್ದಾರೆ, ಬೇರೆ ಬೆಕ್ಕೆಂದುಕೊಂಡು. ನಾನೂ ಪೂರ್ತಿ ಕೊಟ್ಟೆ, ನೀನೂ ಪೂರ್ತಿ ಕೊಟ್ಟೆ. ಅಳತೆ ಮೀರಿ ತಲೆಗೇರಿ ಅದು ಕುಡಿದವರಂತೆ ತೂರಾಡುತ್ತಿದೆ. ಪಥ್ಯದ ಕಥೆ ಇನ್ನೂ ಚೆನ್ನಾಗಿದೆ. ನನಗೆ ಅರ್ಧ ಊಟ ಹಾಕಿ ಅಂದರು, ಅರ್ಧ ಹಾಕಿದೆ. ನಿನಗೂ ಅರ್ಧ ಅಂದಿರಬೇಕು, ನೀನೂ ಅರ್ಧ ಹಾಕಿದೆ. ಕೆಳಗೆ ಅರ್ಧ ಮೇಲೆ ಅರ್ಧ ಉಂಡು ಅದು ಪಥ್ಯದಲ್ಲಿಯೂ ಹೊಟ್ಟೆ ತುಂಬಿಸಿಕೊಂಡಿತು.

ಡಾಕ್ಟರು ಹೇಳಿದ್ದು ಇಷ್ಟು. ಇವತ್ತು ಮಾತ್ರೆ ಬೇಡ, ನೀರು ಮಾತ್ರ ಸಾಕಷ್ಟು ಕುಡಿಸಿ, ನಾಳೆ ಹೊತ್ತಿಗೆ ತೂರಾಟ ನಿಲ್ಲುತ್ತದೆ. ನಿಲ್ಲದಿದ್ದರೆ ತಕ್ಷಣ ತನ್ನಿ. ನಿಂತರೆ ಮತ್ತೆ ಮಾತ್ರೆ ಶುರು ಮಾಡಲೇಬೇಕು, ಕರುಳಿನ ಊತ ಇಳಿದಿಲ್ಲ, ಹೀಗೇ ಭೇದಿಯಾಗುತ್ತಿದ್ದರೆ ಈ ವಯಸ್ಸಿನ ಬೆಕ್ಕು ಉಳಿಯುವುದು ಕಷ್ಟ. ಆದರೆ ಕೊಡುವ ಕೈ ಒಂದೇ ಇರಬೇಕು, ಬಟ್ಟಲು ಒಂದೇ ಇರಬೇಕು. ಗುಣವಾಗುವವರೆಗೆ ಇನ್ನೊಬ್ಬರು ಬಾಗಿಲು ಹಾಕಿಕೊಳ್ಳಬೇಕು. ಯಾರು ಅನ್ನೋದನ್ನ ಮನೇಲಿ ಮಾತಾಡ್ಕೊಂಡು ತೀರ್ಮಾನ ಮಾಡಿ ಅಂದರು. ನಾವು ಮಾತಾಡಿಕೊಳ್ಳುವವರು ಎಂದು ಅವರು ತಿಳಿದಿದ್ದಾರೆ.

ಅಲ್ಲಿಂದ ಮನೆಗೆ ಬರುವ ದಾರಿಯಲ್ಲೇ ನಾನು ತೀರ್ಮಾನ ಮಾಡಿಯಾಗಿತ್ತು. ಆ ಕೈ ನನ್ನದು. ಅದನ್ನು ಬಟ್ಟೆ ಚೂರಿನ ಮೂಟೆಯೊಳಗಿಂದ ಎತ್ತಿದವಳು ನಾನು. ಮೆಷಿನ್ನಿನಲ್ಲಿ ದಾರ ಸುತ್ತುವ ಬಾಬಿನ್ನಿನ ಹೆಸರಿಟ್ಟವಳು ನಾನು. ಆಗ ನೀನು, ಅಯ್ಯೋ ಅಕ್ಕ, ಬಟ್ಟೆಗೆಲ್ಲ ಕೂದಲು ಹತ್ತುತ್ತೆ, ಅಂದಿದ್ದೆ. ಈಗ ನೋಡಿದರೆ ರಿಬ್ಬನ್ನು ಕಟ್ಟುತ್ತೀಯ.

ಬೆಕ್ಕೊಂದೇ ಆಗಿದ್ದರೆ ನಾನು ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ. ಇಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದಾಗ ಬಟ್ಟೆ ಕತ್ತರಿಸುತ್ತಿದ್ದವಳು ನಾನು. ಆದರೆ ಬಂದವರೆಲ್ಲ ಬಾಗಿಲಲ್ಲೇ ನಿಂತು, ತಂಗಿ ಇಲ್ವಾ ಎಂದು ಕೇಳುತ್ತಿದ್ದರು. ಕತ್ತರಿಸುವವಳ ಕಷ್ಟ ಯಾರಿಗೂ ಕಾಣುವುದಿಲ್ಲ, ಕೊನೆಯಲ್ಲಿ ಗುಂಡಿ ಹಾಕಿ ನಗುತ್ತಾ ಕೈಗೆ ಕೊಡುವವಳು ಕಾಣುತ್ತಾಳೆ. ಆಮೇಲೆ ಒಂದು ದಿನ, ಅಕ್ಕಾ, ನನಗೆ ನನ್ನದೇ ಒಂದು ಮೆಷಿನ್ ಬೇಕು ಎಂದು ನೀನು ಕೆಳಗಿಳಿದೆ. ಒಂದೇ ಕಟ್ಟಡಕ್ಕೆ ಎರಡು ಬೋರ್ಡಾಯಿತು. ಮಂಡಿನೋವಿನವರು ಕೆಳಗೇ ನಿಲ್ಲುತ್ತಾರೆ, ಅದು ಸಹಜ ಎಂದು ಸಮಾಧಾನ ಮಾಡಿಕೊಂಡೆ. ಮೊನ್ನೆ ಶಾಲೆಯ ಓಟದ ಮೇಷ್ಟ್ರು ಕೂಡ ನಿನ್ನಲ್ಲೇ ನಿಂತರು. ಅವರಿಗೆ ಎಂಥ ಮಂಡಿನೋವು? ಹೊಟ್ಟೆಕಿಚ್ಚು ಅನ್ನುತ್ತೀಯಾ, ಅನ್ನು. ಹೌದು, ಅದೇ. ಬೇರೆ ಹೆಸರಿಡಲು ನನಗೆ ಬರುವುದಿಲ್ಲ.

ಇಷ್ಟು ಬರೆದು, ಬೆಕ್ಕನ್ನು ಇಲ್ಲೇ ಇಟ್ಟುಕೊಳ್ಳುತ್ತೇನೆ, ನೀನು ಬಾಗಿಲು ಹಾಕಿಕೋ ಎಂದು ಮುಗಿಸಬೇಕೆಂದಿದ್ದೆ. ಬರೆಯಲು ಹೊರಟರೆ ಪೆನ್ನು ಮುಂದೆ ಹೋಗುತ್ತಿಲ್ಲ. ಯಾಕೆಂದು ಹೇಳುತ್ತೇನೆ. ನಗಬಾರದು.

ನನಗೆ ಅದರ ಬಾಯಿಗೆ ಮಾತ್ರೆ ಹಾಕಲು ಬರುವುದಿಲ್ಲ. ಟವೆಲಿನಲ್ಲಿ ಸುತ್ತಿ ನೋಡಿದೆ, ಮಂಡಿಯ ಮಧ್ಯೆ ಹಿಡಿದು ನೋಡಿದೆ. ಮೊಣಕೈವರೆಗೆ ಪರಚಿ ಹಾಕಿತು. ನುಂಗಿತು ಎಂದು ಖುಷಿಪಟ್ಟ ಮಾತ್ರೆ ಆಮೇಲೆ ಒಬ್ಬರ ರವಿಕೆಯ ಲೇಸಿಗೆ ಅಂಟಿಕೊಂಡು ಸಿಕ್ಕಿತು. ಕೊನೆಗೆ ಪುಡಿ ಮಾಡಿ ಡಬ್ಬಿ ಮೀನಿನಲ್ಲಿ ಕಲಸಿಟ್ಟೆ. ಬಟ್ಟಲು ನೆಕ್ಕಿ ನೆಕ್ಕಿ ಹೊಳೆಯಿಸಿತು. ಎಣ್ಣೆಯಲ್ಲಿ ಮುಳುಗಿಸಿಟ್ಟ ಮೀನು ಅದು. ಡಾಕ್ಟರು ಯಾವುದನ್ನು ಕಣ್ಣಿಗೂ ತೋರಿಸಬೇಡಿ ಅಂದರೋ ಅದೇ.

ಮೀನು ಮಾತ್ರೆಗಾಗಿ ಶುರುವಾದದ್ದೂ ಅಲ್ಲ. ಅದು ನಿನ್ನ ಕಡೆ ಹೆಚ್ಚು ಹೆಚ್ಚು ಇಳಿಯತೊಡಗಿದಾಗ ಮೇಲೆ ಕರೆಸಿಕೊಳ್ಳಲು ನಾನು ಮೀನು ತರಿಸಿದೆ. ಡಬ್ಬಿ ತೆರೆಯುವ ಸದ್ದಿಗೆ ನಿನ್ನ ಮಡಿಲಿಂದ ಎದ್ದು ಓಡಿಬರುತ್ತಿತ್ತು, ಆ ಸದ್ದು ನಿನಗೂ ಕೇಳಲಿ ಎಂದು ಕಿಟಕಿಯ ಹತ್ತಿರ ನಿಂತು ತೆರೆಯುತ್ತಿದ್ದೆ. ಹೊಟ್ಟೆ ಕೆಟ್ಟದ್ದು ಅದಾದ ಮೇಲೆ. ಏನು ತಿನ್ನಿಸುತ್ತೀರಿ ಎಂದು ಡಾಕ್ಟರು ಕೇಳಿದಾಗ ಬೇಯಿಸಿದ ಕೋಳಿ ಅಂದೆ. ನೀನು ಕೇಳಲಿಲ್ಲ, ಆದರೂ ನಿನಗೆ ಹೇಳುತ್ತಿದ್ದೇನೆ.

ಹಾಗಾಗಿ ಲೆಕ್ಕ ಹೀಗೆ ಬಂದು ನಿಂತಿದೆ. ನನ್ನ ಕೈಯಲ್ಲಿ ಅದು ಔಷಧಿ ತಿನ್ನಬೇಕಾದರೆ ಜೊತೆಗೆ ರೋಗವನ್ನೂ ತಿನ್ನಬೇಕು. ಮಾತ್ರೆಯೇ ಬೇಡ, ಬೆಕ್ಕುಗಳಿಗೆ ತಾನಾಗಿಯೇ ವಾಸಿಯಾಗುತ್ತದೆ ಎಂಬ ಯೋಚನೆಯೂ ಬಂತು. ನನ್ನ ಕೈಯಿಂದ ಆಗದಿದ್ದರೆ ಯಾರ ಕೈಯಿಂದಲೂ ಬೇಡ ಎಂದು. ಅರ್ಧ ಗಂಟೆ ಆ ಯೋಚನೆಯ ಜೊತೆ ಕುಳಿತಿದ್ದೆ, ಎದುರಿಗೆ ಅದು ನೀರಿನ ಬಟ್ಟಲಿಗೆ ಮೂತಿ ಇಡಲು ಹೋಗಿ ಪಕ್ಕದ ನೆಲಕ್ಕೆ ಇಡುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕಾಂಪೌಂಡರ್ ಹೇಳಿದ ಇನ್ನೂ ಎರಡು ಮಾತನ್ನು ಮೇಲೆ ಬರೆಯದೆ ಬಿಟ್ಟಿದ್ದೆ. ಒಂದು, ನೀನು ಹೇಗೆ ಮಾತ್ರೆ ಕೊಡುತ್ತೀ ಎಂಬುದು. ಬಾಯಿಯ ಮಗ್ಗುಲಲ್ಲಿ ಬೆರಳಿಟ್ಟು, ಗಂಟಲು ಸವರಿ, ಮುಗೀತು, "ನಮ್ ಡಾಕ್ಟ್ರಿಗೂ ಹಂಗೆ ಬರಲ್ಲ" ಅಂದ. ನಂಬಿದೆ. ನನ್ನ ಉಗುರಿನೊಳಗೆ ಸೂಜಿ ಮುರಿದಾಗ ತೆಗೆದವಳೂ ನೀನೇ, ತೆಗೆದದ್ದು ನನಗೆ ಗೊತ್ತೇ ಆಗಿರಲಿಲ್ಲ. ಇನ್ನೊಂದು ಮಾತು, ಮೊದಲ ದಿನ ಬೆಕ್ಕು ಯಾರದು ಎಂದು ಅವನು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ. "ನಮ್ಮಕ್ಕಂದು. ಅವಳಿಗೆ ಹೇಳ್ಬೇಡಿ, ಗಾಬರಿ ಆಗ್ತಾಳೆ" ಅಂದೆಯಂತೆ.

ಇದನ್ನು ಯಾಕೆ ಅಂದೆ? ಬೆಕ್ಕು ನನ್ನದು ಎಂದು ನೀನು ಅಂದಿದ್ದರೆ ನಾನು ಜಗಳ ಆಡಿ ಗೆಲ್ಲುತ್ತಿದ್ದೆ. ನೀನು ಗಿರಾಕಿಗಳನ್ನು ತೆಗೆದುಕೊಂಡೆ, ಬೆಕ್ಕನ್ನು ತೆಗೆದುಕೊಂಡೆ, ಈಗ ದೊಡ್ಡತನವನ್ನೂ ನೀನೇ ತೆಗೆದುಕೊಂಡುಬಿಟ್ಟೆ. ಅಕ್ಕನಾದವಳಿಗೆ ಏನನ್ನೂ ಉಳಿಸುವುದಿಲ್ಲವಲ್ಲ ನೀನು.

ಸರಿ. ಬುಟ್ಟಿಯನ್ನು ನಿನ್ನ ಬಾಗಿಲಲ್ಲಿ ಇಟ್ಟು ಬಾಗಿಲು ತಟ್ಟಿ ಬರುತ್ತೇನೆ, ನೀನು ತೆರೆಯುವ ಮೊದಲು ಮೇಲೆ ಬಂದಿರುತ್ತೇನೆ. ಬೆಕ್ಕಿನ ಕೆಳಗೆ ಮಡಚಿಟ್ಟ ಬಟ್ಟೆಯಲ್ಲಿ ಈ ಕಾಗದವೂ ನನ್ನ ಪಾಲಿನ ಮಾತ್ರೆಗಳೂ ಇವೆ. ಅವು ನನ್ನ ಹತ್ತಿರ ಇದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಈ ದಿನ ನೀರು ಮಾತ್ರ. ನಡಿಗೆ ನೆಟ್ಟಗಾದ ಮೇಲೆ ನಾಳೆಯಿಂದ ನಿನ್ನ ಕೈಯಿಂದಲೇ ಮಾತ್ರೆ, ನಿನ್ನ ಬಟ್ಟಲಲ್ಲೇ ಊಟ. ನೆಟ್ಟಗಾಗದಿದ್ದರೆ ಕಾಯಬೇಡ, ಆಸ್ಪತ್ರೆಗೆ ಓಡು, ಓಡುವಾಗ ಮೆಟ್ಟಿಲ ಬುಡದಲ್ಲಿ ನನ್ನನ್ನು ಕೂಗು. ನಾನು ಮೆಟ್ಟಿಲ ಕಡೆಯ ಕಿಟಕಿ ಹಾಕಿಕೊಳ್ಳುತ್ತೇನೆ. ಅದು ಬಂದು ಕೂಗಿದರೂ ತೆರೆಯುವುದಿಲ್ಲ. ಮೀನಿನ ಡಬ್ಬಿಗಳನ್ನು ಪಕ್ಕದ ಬೀದಿಯ ಚಪ್ಪಲಿ ಅಂಗಡಿಯವರಿಗೆ ಕೊಟ್ಟುಬಿಟ್ಟೆ, ಅವರು ಊಟಕ್ಕೆ ತಿನ್ನುತ್ತಾರಂತೆ. ಸಾಹೇಬ ಎಂದು ಬೇಕಾದರೆ ಕರೆ. ಸ್ವಲ್ಪ ಮೆಲ್ಲಗೆ ಕರೆ, ನೆಲದ ಮೂಲಕ ಎಲ್ಲ ಕೇಳಿಸುತ್ತದೆ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ನಿನ್ನ ಮೇಲೆ ಹೊಟ್ಟೆಕಿಚ್ಚು ಎಂದು ಇಷ್ಟುದ್ದ ಬರೆದೆ. ಓದಿ ನೋಡಿದರೆ ಅದು ಪೂರ್ತಿ ನಿಜವಲ್ಲ. ನನಗೆ ಬೆಕ್ಕಿನ ಮೇಲೆಯೇ ಹೆಚ್ಚು. ಬೇಕೆಂದಾಗ ಮೆಟ್ಟಿಲು ಇಳಿದು ನಿನ್ನ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತದೆ, ಯಾಕೆ ಬಂದೆ ಎಂದು ನೀನು ಒಂದು ದಿನವೂ ಕೇಳುವುದಿಲ್ಲ. ಗುಣವಾದ ಮೇಲೆ ಅದನ್ನು ಒಂಟಿಯಾಗಿ ಮೇಲೆ ಕಳಿಸಬೇಡ. ಕಾಯಿಲೆಯಿಂದ ಎದ್ದ ಪ್ರಾಣಿ, ಇಷ್ಟು ಮೆಟ್ಟಿಲು ಹತ್ತಲಾರದು, ನೀನೇ ಎತ್ತಿಕೊಂಡು ಬರಬೇಕಾಗುತ್ತದೆ.